ಮಳೆ ಲೆಕ್ಕ ಹಾಕಿ ಮನೆ ಕಟ್ಟಿ: ಕೊಡಗಿನವರಿಗೆ ಮನೆ ಮತ್ತು ಕಸದ ಸಮಗ್ರ ಮಾರ್ಗದರ್ಶಿ

ಪರಿಸರಸ್ನೇಹಿ ಮನೆ ಅಂತ ಹುಡುಕಿದರೆ ಸಿಗುವ ಸಲಹೆಗಳಲ್ಲಿ ಮುಕ್ಕಾಲು ಪಾಲು ಬಯಲುಸೀಮೆಗೆ ಹೇಳಿದ್ದು. ಇಂಗುಗುಂಡಿ ತೋಡಿ, ಹಿತ್ತಲಲ್ಲಿ ಗೊಬ್ಬರದ ಡ್ರಮ್ ಇಡಿ, ಪ್ಲಾಸ್ಟಿಕ್ ತೊಳೆದು ಬಿಸಿಲಿಗೆ ಹಾಕಿ. ಮೈಸೂರಿನಲ್ಲಿ ಇದೆಲ್ಲ ಸರಿ. ಕಕ್ಕಡ ತಿಂಗಳಲ್ಲಿ (ಜುಲೈ–ಆಗಸ್ಟ್) ಮಡಿಕೇರಿಯವರು ಬಿಸಿಲನ್ನು ಎಲ್ಲಿಂದ ತರಬೇಕು?

ಮಡಿಕೇರಿಗೆ ವರ್ಷಕ್ಕೆ ಸರಾಸರಿ 3,200 ಮಿ.ಮೀ. ಆಸುಪಾಸು ಮಳೆ. ಇಂಚಿನಲ್ಲಿ ಬರೆದಿಡುವ ತೋಟದವರ ಲೆಕ್ಕದಲ್ಲಿ ಸುಮಾರು 125 ಇಂಚು. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಕುಶಾಲನಗರಕ್ಕೆ ಬಂದರೆ 40 ಇಂಚಿನ ಹತ್ತಿರ. ಹಾಗಾಗಿ ಇಡೀ ಜಿಲ್ಲೆಗೆ ಒಂದೇ ನಕ್ಷೆ, ಒಂದೇ ವಿಧಾನ ಅನ್ನುವುದು ಸುಮ್ನೆ ಮಾತು. ಆದರೆ ಎಲ್ಲ ಕಡೆಗೂ ಹೊಂದುವ ಒಂದು ಪ್ರಶ್ನೆ ಇದೆ: ಈ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ? ಪಾಯ ತೋಡುವಾಗ, ಟಾಯ್ಲೆಟ್ ಗುಂಡಿಗೆ ಜಾಗ ನೋಡುವಾಗ, ತರಕಾರಿ ಸಿಪ್ಪೆ ಎಸೆಯುವಾಗ, ಎಲ್ಲದಕ್ಕೂ ಇದನ್ನೇ ಮೊದಲು ಕೇಳಿಕೊಳ್ಳಿ. ಕೆಳಗಿನ ಹಂತಗಳೆಲ್ಲ ಇದರ ಸುತ್ತಲೇ ಇವೆ.

ಹಂತ 1: ಜಾಗವನ್ನು ಮಳೆಗಾಲದಲ್ಲಿ ನೋಡಿ

ಸೈಟನ್ನು ಫೆಬ್ರವರಿಯಲ್ಲಿ ನೋಡಿ ಅಡ್ವಾನ್ಸ್ ಕೊಡುವವರೇ ಹೆಚ್ಚು. ಜುಲೈನಲ್ಲಿ ಒಂದು ಸಲ ಕೊಡೆ, ಬೂಟು ಹಾಕಿಕೊಂಡು ಹೋಗಿ. ಜಿಗಣೆ ಹತ್ತುತ್ತದೆ, ಹತ್ತಲಿ. ಎಲ್ಲಿ ಒರತೆ ಎದ್ದಿದೆ, ಮೇಲಿನ ತೋಟದ ನೀರು ಯಾವ ಕಡೆಯಿಂದ ಇಳಿಯುತ್ತಿದೆ, ರಸ್ತೆಯ ಮೋರಿ ನಿಮ್ಮ ಜಾಗದ ಕಡೆಗೆ ಬಾಯಿ ತೆರೆದಿದೆಯೇ, ಎಲ್ಲ ಆಗ ಕಾಣುತ್ತದೆ. ಬೇಸಿಗೆಯಲ್ಲಿ ಒಣಗಿದ ಚರಂಡಿಯಂತೆ ಕಂಡಿದ್ದು ಆಗ ತೋಡಾಗಿ ಹರಿಯುತ್ತಿರುತ್ತದೆ. ಅದನ್ನು ಮುಚ್ಚಿ ಮನೆ ಕಟ್ಟಿದರೆ ನೀರು ದಾರಿ ಬಿಡುವುದಿಲ್ಲ, ಮನೆಯ ಅಡಿಯಿಂದಲೇ ಹೋಗುತ್ತದೆ.

ಹಳೆಯ ಐನ್‌ಮನೆಗಳು (ಕೊಡವ ಕುಟುಂಬಗಳ ಮೂಲಮನೆಗಳು) ಎಲ್ಲಿವೆ ಅಂತ ಗಮನಿಸಿದ್ದೀರಾ? ಹೆಚ್ಚಿನವು ಗದ್ದೆಗಿಂತ ಎತ್ತರದಲ್ಲಿ, ಬಾಣೆಯ (ಗದ್ದೆಯ ಮೇಲಿನ ಗುಡ್ಡದ ಜಾಗ) ತುದಿಗಿಂತ ಕೆಳಗೆ, ಭೂಮಿ ತಾನಾಗಿಯೇ ಸ್ವಲ್ಪ ಸಮತಟ್ಟಾದ ಕಡೆ ಇವೆ. ಓಣಿ ಬಳಸಿಕೊಂಡು ಮೇಲೆ ಬರುತ್ತದೆ. ಮುಂದೆ ಗದ್ದೆ, ಹಿಂದೆ ಮರ. ಗದ್ದೆಯನ್ನು ಬೇಸಾಯಕ್ಕೆ ಬಿಟ್ಟರು, ಗುಡ್ಡದ ಹೊಟ್ಟೆಗೆ ಕೈ ಹಾಕಲಿಲ್ಲ. ಆಗ ಜೆಸಿಬಿ ಇರಲಿಲ್ಲ ಎನ್ನುವುದೂ ಒಂದು ಕಾರಣ ಇರಬಹುದು. ಏನೇ ಆಗಲಿ, ಜಾಗ ಆಯ್ದದ್ದು ಸರಿಯಾಗಿತ್ತು.

ಗದ್ದೆಗೆ ಮಣ್ಣು ತುಂಬಿಸಿ ಸೈಟ್ ಮಾಡಿದ್ದರೆ ನನ್ನ ಸಲಹೆ ಒಂದೇ ಮಾತು: ಬೇಡ. ಪಾಯ ಕೂರುತ್ತದೆ, ಟಾಯ್ಲೆಟ್ ಗುಂಡಿಯಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ನೀರು ನಿಲ್ಲುತ್ತದೆ.

ಹಂತ 2: ಬರೆ (ಗುಡ್ಡದ ಕಡಿದಾದ ಬದಿ) ಕಡಿಯುವ ಮುನ್ನ

2018ರ ಆಗಸ್ಟಿನಲ್ಲಿ ಮಕ್ಕಂದೂರು, ಮದೆನಾಡು, ಜೋಡುಪಾಲ, ಕಾಲೂರು ಕಡೆ ಗುಡ್ಡಗಳು ಇಳಿದವು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಮೇಲಿನ ಬ್ರಹ್ಮಗಿರಿ. ಸುರಿದ ಮಳೆ ಭಾರೀ ಇತ್ತು, ನಿಜ. ರಸ್ತೆಗೆ, ಮನೆಗೆ, ರೆಸಾರ್ಟಿಗೆ ಅಂತ ಇಳಿಜಾರಿನ ಬುಡ ಕಡಿದದ್ದೂ ಹಲವು ಕಡೆ ಸೇರಿಕೊಂಡಿತ್ತು. ಬುಡ ಕಡಿದ ಗುಡ್ಡದ ಒಳಗೆ ನೀರು ಇಳಿದರೆ ಮಣ್ಣಿನ ತೂಕ ಏರುತ್ತದೆ, ಹಿಡಿತ ಇಳಿಯುತ್ತದೆ. ಆಮೇಲೆ ಒಂದು ರಾತ್ರಿ ಸಾಕು.

ಕಡಿಯಲೇಬೇಕಾದರೆ ಹೀಗೆ ಮಾಡಿ. ಒಂದೇ ಸಲಕ್ಕೆ ಇಪ್ಪತ್ತು ಅಡಿ ನೆಟ್ಟಗೆ ಕಡಿಯಬೇಡಿ. ಆರೇಳು ಅಡಿಯ ಮೆಟ್ಟಿಲುಗಳಾಗಿ ಕಡಿದು ನಡುವೆ ಜಾಗ ಬಿಡಿ. ಮನೆಯನ್ನೂ ಹಾಗೆಯೇ ಎರಡು ಮಟ್ಟದಲ್ಲಿ ಕಟ್ಟಬಹುದು. ಅಡುಗೆಮನೆಗೆ ಮೂರು ಮೆಟ್ಟಿಲು ಇಳಿದರೆ ಏನೂ ನಷ್ಟವಿಲ್ಲ. ಬರೆಯ ನೆತ್ತಿಯಲ್ಲಿ ಒಂದು ಅಡ್ಡ ಚರಂಡಿ ತೆಗೆದು ಮೇಲಿನಿಂದ ಬರುವ ನೀರನ್ನು ಪಕ್ಕಕ್ಕೆ ತಿರುಗಿಸಿ, ತೋಡಿನವರೆಗೂ ಮುಟ್ಟಿಸಿ. ನಿಮ್ಮ ಕೆಳಗಿನ ಮನೆಯವರ ಹಿತ್ತಲಿಗೆ ಬಿಟ್ಟು ಕೈ ತೊಳೆದುಕೊಂಡರೆ ಆಗಲಿಲ್ಲ.

ತಡೆಗೋಡೆ ಕಟ್ಟುವುದಾದರೆ ಅದರ ಹಿಂದಿನ ನೀರು ಹೊರಗೆ ಬರಲೇಬೇಕು. ಗೋಡೆಯ ಬೆನ್ನಿಗೆ ಒಂದಡಿ ದಪ್ಪ ಜಲ್ಲಿ, ಗೋಡೆಯಲ್ಲಿ ನಾಲ್ಕೈದು ಅಡಿಗೊಂದು ಪೈಪು, ಹೊರಕ್ಕೆ ಸ್ವಲ್ಪ ಓಟವಿಟ್ಟು. ಗಾರೆ ಇಲ್ಲದೆ ಕಟ್ಟಿದ ಹಳೆಯ ಕಲ್ಲಿನ ಕಟ್ಟೆಗಳು ಇಷ್ಟು ವರ್ಷ ನಿಂತದ್ದೂ ಸಂದುಗಳಲ್ಲಿ ನೀರು ಸೋರಿ ಹೋಗುತ್ತಿದ್ದದ್ದರಿಂದಲೇ. ಕಲ್ಲು ತುಂಬಿದ ತಂತಿಬಲೆಯ ಗೋಡೆ ಕೆಲಸ ಮಾಡುವುದೂ ಹೀಗೆಯೇ. ಪೈಪಿಲ್ಲದ ಕಾಂಕ್ರೀಟ್ ಗೋಡೆ ನೋಡಲು ಗಟ್ಟಿ, ಹಿಂದೆ ನೀರು ಕಟ್ಟಿದ ದಿನ ಅದೇ ಮೊದಲು ಉರುಳುವುದು. ಎಂಟು ಅಡಿಗಿಂತ ಎತ್ತರದ್ದಾದರೆ ಇಂಜಿನಿಯರ್ ಇಲ್ಲದೆ ಮುಟ್ಟಬೇಡಿ.

ಮೆಟ್ಟಿಲ ಅಂಚಿಗೆ ಲಾವಂಚ ನೆಡಿ. ಮೇ ಕೊನೆಯಲ್ಲಿ ಅರ್ಧ ಅಡಿಗೊಂದು ಬುಡದಂತೆ ಸಾಲಾಗಿ ನೆಟ್ಟರೆ ಎರಡನೇ ಮಳೆಗೆ ಬೇರು ಆಳಕ್ಕೆ ಇಳಿದಿರುತ್ತದೆ. ಮೊದಲ ಮಳೆಗಾಲಕ್ಕೆ ಟಾರ್ಪಾಲು ಹೊದಿಸುವುದೂ ಸರಿಯೇ. ಆದರೆ ವರ್ಷ ವರ್ಷ ಬರೀ ಟಾರ್ಪಾಲಿನಲ್ಲೇ ದಿನ ದೂಡಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ ಅಂಗಳದಲ್ಲಿ ಹೊಸ ಬಿರುಕು, ಇದ್ದಕ್ಕಿದ್ದಂತೆ ಬಿಗಿಯಾಗುವ ಬಾಗಿಲು, ವಾಲುವ ಮರ, ಕೆಸರು ನೀರು ಕಾರುವ ಹೊಸ ಒರತೆ ಕಂಡರೆ ಕಾರಣ ಹುಡುಕುತ್ತ ನಿಲ್ಲಬೇಡಿ. ಮನೆ ಬಿಟ್ಟು ಹೊರಡಿ, ಪಂಚಾಯಿತಿಗೆ ತಿಳಿಸಿ.

ಹಂತ 3: ಗೋಡೆಗೆ ನಿಮ್ಮ ಜಾಗದ ಮಣ್ಣು

ಇಷ್ಟು ಮಳೆಗೆ ಮಣ್ಣಿನ ಗೋಡೆಯೇ ಅಂತ ಹುಬ್ಬೇರಿಸುವವರಿಗೆ ನೂರು ವರ್ಷ ದಾಟಿದ ಮಣ್ಣಿನ ಗೋಡೆಯ ಮನೆಗಳನ್ನು ತೋರಿಸಬಹುದು. ಅವುಗಳ ಗುಟ್ಟು ಎರಡೇ. ಕೆಳಗೆ ಎತ್ತರದ ಕಲ್ಲಿನ ಪಂಚಾಂಗ (ಗೋಡೆಯ ಕೆಳಗಿನ ಪೀಠ), ಮೇಲೆ ಗೋಡೆಗಿಂತ ಬಹಳ ಮುಂದಕ್ಕೆ ಚಾಚಿದ ಮಾಡು (ಚಾವಣಿ). ಐನ್‌ಮನೆಯ ಕಯ್ಯಾಲೆಯಲ್ಲಿ (ಮುಂದಿನ ಜಗಲಿ) ಕೂತು ಮಳೆ ನೋಡಿದರೆ ಇದು ಅರ್ಥವಾಗುತ್ತದೆ. ಎರಚಲು ಕಂಬ, ಐಮರದವರೆಗೆ (ಕಂಬಗಳ ನಡುವಿನ ಮರದ ಆಸನ) ಬಂದೀತು, ಒಳಗಿನ ಗೋಡೆಗೆ ಮುಟ್ಟುವುದಿಲ್ಲ. ಜಗಲಿ ಇರುವುದು ಹರಟೆಗೆ ಮಾತ್ರ ಅಂದುಕೊಂಡು ನಾವು ಹೊಸ ಮನೆಗಳಲ್ಲಿ ಅದನ್ನೇ ತೆಗೆದು ಹಾಕಿದೆವು.

ಈಗಿನ ದಾರಿ ಎಂದರೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಬ್ಲಾಕ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ತಂಡ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಕೈಯಲ್ಲಿ ಒತ್ತುವ ‘ಮರ್ದಿನಿ’ ಯಂತ್ರ ಅಲ್ಲಿಂದಲೇ ಬಂದದ್ದು. ಸುಡುವ ಕೆಲಸ ಇಲ್ಲ, ಹಾಗಾಗಿ ಸೌದೆಯೂ ಬೇಡ. ಘಾಟಿ ಹತ್ತಿ ಬರುವ ಲಾರಿ ಬಾಡಿಗೆಯೂ ಉಳಿಯಿತು.

ಮೊದಲು ಮಣ್ಣಿನ ಪರೀಕ್ಷೆ. ಮೇಲಿನ ಕಪ್ಪು ಮಣ್ಣು ಬೇಡ, ಅದು ತೋಟಕ್ಕೆ. ಒಂದೂವರೆ, ಎರಡು ಅಡಿ ಕೆಳಗಿನ ಕೆಂಪು ಮಣ್ಣು ತೆಗೆಯಿರಿ. ಗಾಜಿನ ಬಾಟಲಿಗೆ ಮೂರನೇ ಒಂದು ಪಾಲು ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಸೇರಿಸಿ ಚೆನ್ನಾಗಿ ಕುಲುಕಿ ಅಲುಗಾಡದಂತೆ ಇಡಿ. ಒಂದೆರಡು ನಿಮಿಷದಲ್ಲಿ ಮರಳು ತಳಕ್ಕೆ ಕೂರುತ್ತದೆ. ಗಂಟೆ ಕಳೆದ ಮೇಲೆ ಅದರ ಮೇಲೆ ನುಣುಪು ಮಣ್ಣು. ಮಾರನೇ ದಿನ ಎಲ್ಲಕ್ಕಿಂತ ಮೇಲೆ ಜೇಡಿಯ ಪದರ. ಸ್ಕೇಲ್ ಹಿಡಿದು ಅಳೆಯಿರಿ. ಹತ್ತು ಭಾಗದಲ್ಲಿ ಆರೇಳು ಭಾಗ ಮರಳು, ಒಂದು ಒಂದೂವರೆ ಭಾಗ ಜೇಡಿ ಇದ್ದರೆ ಒಳ್ಳೆಯ ಮಣ್ಣು.

ಬಾಟಲಿಗೆ ಕಾಯುವ ತಾಳ್ಮೆ ಇಲ್ಲವೇ? ಒದ್ದೆ ಮಣ್ಣನ್ನು ಕೋಡುಬಳೆಯಂತೆ ಹೊಸೆದು ಸುತ್ತಿ. ಬಿರುಕಿಲ್ಲದೆ ಸಲೀಸಾಗಿ ಸುತ್ತಿಕೊಂಡರೆ ಜೇಡಿ ಜಾಸ್ತಿ. ಹೊಸೆಯುವಾಗಲೇ ಉದುರಿದರೆ ಮರಳು ಜಾಸ್ತಿ. ನಮ್ಮ ಕಡೆಯ ಕೆಂಪು ಮಣ್ಣು ಸಾಮಾನ್ಯವಾಗಿ ಸುತ್ತಿಕೊಳ್ಳುತ್ತದೆ. ಅದಕ್ಕೆ ಕ್ರಷರಿನ ಕಲ್ಲುಪುಡಿ ಬೆರೆಸಿ ಮತ್ತೆ ಬಾಟಲಿ ಪರೀಕ್ಷೆ ಮಾಡಿ.

ಜರಡಿ ಹಿಡಿದ ಒಣ ಮಣ್ಣಿಗೆ ತೂಕದಲ್ಲಿ ಶೇ 7ರಿಂದ 8 ಸಿಮೆಂಟ್. 230×190×100 ಮಿ.ಮೀ. ಅಳತೆಯ ಬ್ಲಾಕ್ ಆದರೆ 50 ಕೆ.ಜಿ.ಯ ಒಂದು ಮೂಟೆಗೆ ಸುಮಾರು 80 ಬ್ಲಾಕ್ ಬರುತ್ತದೆ. ಒಣಗಿದ್ದಾಗಲೇ ಬೆರೆಸಿ, ಆಮೇಲೆ ನೀರು ಚಿಮುಕಿಸಿ. ಹದ ಹೇಗೆ ಗೊತ್ತಾಗಬೇಕು ಅಂದರೆ, ಮುಷ್ಟಿಯಲ್ಲಿ ಹಿಡಿದು ಉಂಡೆ ಮಾಡಿ ಎದೆಯೆತ್ತರದಿಂದ ಬಿಡಿ. ನಾಲ್ಕೈದು ಚೂರಾದರೆ ಹದ ಸರಿ. ಚಪ್ಪಟೆಯಾಗಿ ಕೂತರೆ ನೀರು ಜಾಸ್ತಿ, ಪುಡಿಯಾದರೆ ಕಡಿಮೆ. ಬೆರೆಸಿದ್ದನ್ನು ಅರ್ಧ ಮುಕ್ಕಾಲು ಗಂಟೆಯೊಳಗೆ ಒತ್ತಿ ಮುಗಿಸಿ. ಮಧ್ಯಾಹ್ನ ಊಟಕ್ಕೆ ಹೋಗಿ ಬಂದು ಅದೇ ಮಿಶ್ರಣ ಒತ್ತುವ ಮೇಸ್ತ್ರಿಯ ಮೇಲೆ ಕಣ್ಣಿಡಿ.

ಒತ್ತಿದ ಬ್ಲಾಕನ್ನು ನೆರಳಲ್ಲಿ ಪೇರಿಸಿ, ಹುಲ್ಲು ಮುಚ್ಚಿ, ಮೂರು ವಾರ ನೀರು ಹಾಕಬೇಕು. ಹೂಮಳೆಗೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಮುಂಚೆ ಬ್ಲಾಕ್ ಸಿದ್ಧವಿರಬೇಕು ಎಂದರೆ ಜನವರಿಯಲ್ಲೇ ಶುರು ಮಾಡಬೇಕು. ಕಾಫಿ ಕೊಯ್ಲಿನ ಸಮಯ, ಆಳು ಸಿಗುವುದು ಕಷ್ಟ. ರೋಬಸ್ಟಾ ಇರುವವರಿಗಂತೂ ಮಾರ್ಚಿನವರೆಗೂ ಬಿಡುವಿಲ್ಲ. ಅಂಥವರು ಒಂದು ವರ್ಷ ಮೊದಲೇ ಬ್ಲಾಕ್ ಒತ್ತಿಸಿ ಶೆಡ್ಡಿನಲ್ಲಿ ಇಟ್ಟುಕೊಳ್ಳುವುದು ವಾಸಿ. ಒಣಗಿದ ಮೇಲೆ ಒಂದನ್ನು ಇಡೀ ದಿನ ನೀರಿನಲ್ಲಿ ಮುಳುಗಿಸಿಡಿ. ಹೊರತೆಗೆದು ಅಂಚನ್ನು ಉಗುರಿನಿಂದ ಕೆರೆದರೆ ಮಣ್ಣು ಬಿಟ್ಟುಕೊಂಡು ಬರಬಾರದು. ಬಂದರೆ ಆ ರಾಶಿಯನ್ನು ಒಳಗೋಡೆಗೆ ಇಟ್ಟುಕೊಳ್ಳಿ.

ಪಂಚಾಂಗ ಕಲ್ಲಿನದೇ ಆಗಲಿ, ಅಂಗಳದಿಂದ ಎರಡು ಅಡಿಗೆ ಕಡಿಮೆ ಬೇಡ. ಮಾಡಿನ ನೀರು ಬಿದ್ದು ಸಿಡಿಯುವ ಎತ್ತರ ಅಷ್ಟಿರುತ್ತದೆ. ಪಂಚಾಂಗದ ಮೇಲೆ ತೇವ ಏರದಂತೆ ಒಂದು ಕಾಂಕ್ರೀಟ್ ಪಟ್ಟಿ ಹಾಕಿ ಗೋಡೆ ಎಬ್ಬಿಸಿ. ಗಾಳಿಮಳೆ ಹೊಡೆಯುವ ಪಡುವಣ ಗೋಡೆಗೆ ಮಾತ್ರ ಹೊರಗಿನಿಂದ ಸುಣ್ಣದ ಗಾರೆ ಮಾಡಿಸಿ. ಉಳಿದ ಕಡೆ ಬ್ಲಾಕ್ ಹಾಗೆಯೇ ಚೆನ್ನಾಗಿ ಕಾಣುತ್ತದೆ.

ಹಂತ 4: ಮಾಡು

ತಾರಸಿ ಹಾಕಿ, ಸೋರಿ, ಆಮೇಲೆ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸಿದ ಮನೆಗಳು ಪ್ರತಿ ಊರಲ್ಲೂ ಇವೆ. ಒಂದು ಮನೆಗೆ ಎರಡು ಮಾಡಿನ ಖರ್ಚು! ಮೊದಲೇ ಇಳಿಜಾರು ಮಾಡು ಮಾಡಿದರೆ ಆಯಿತು, ಅಲ್ವಾ?

1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಹುಲ್ಲಿನ ಮಾಡುಗಳು ನಿಧಾನವಾಗಿ ಹೆಂಚಿಗೆ ಬದಲಾದವು. ಹಳೆಯ ಮನೆ ಬಿಚ್ಚುವ ಕಡೆ ಒಳ್ಳೆಯ ಹೆಂಚು ಈಗಲೂ ಅಗ್ಗಕ್ಕೆ ಸಿಗುತ್ತದೆ. ಬೆರಳಿನಿಂದ ತಟ್ಟಿ ನೋಡಿ, ಠಣ್ ಅಂದರೆ ಗಟ್ಟಿ, ಬೊದ್ ಅಂದರೆ ಒಳಗೆ ಬಿರುಕಿದೆ. ಮಾಡಿನ ಇಳಿಜಾರು 30 ಡಿಗ್ರಿಗೆ ಕಡಿಮೆ ಇರಬಾರದು. ಸೂರು ಗೋಡೆಯಿಂದ ಮೂರು ಅಡಿಯಾದರೂ ಹೊರಗೆ ಬರಲಿ. ಮಂಗನ ಕಾಟ ಇರುವ ಕಡೆ ಬರೀ ಹೆಂಚು ಕಷ್ಟ. ಅಲ್ಲಿ ಇಳಿಜಾರಾಗಿಯೇ ಕಾಂಕ್ರೀಟ್ ಹಾಕಿ, ಕೆಳಭಾಗದಲ್ಲಿ ಕಂಬಿಗಳ ನಡುವೆ ಹಳೆಯ ಹೆಂಚುಗಳನ್ನು ಜೋಡಿಸಿ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಈ ವಿಧಾನವನ್ನು ಜನಪ್ರಿಯ ಮಾಡಿದರು. ಕಾಂಕ್ರೀಟ್ ಕಡಿಮೆ ಸಾಕು, ಒಳಗಿನಿಂದ ನೋಡಲೂ ಚಂದ.

ಈಗ ಲೆಕ್ಕ ಹಾಕಿ. ಸಾವಿರ ಚದರಡಿ ಮಾಡಿನ ಮೇಲೆ ಒಂದು ಇಂಚು ಮಳೆ ಬಿದ್ದರೆ 2,300 ಲೀಟರಿಗೂ ಹೆಚ್ಚು ನೀರು. ಮಡಿಕೇರಿಯ ಮಳೆಗೆ ವರ್ಷಕ್ಕೆ ಎರಡೂವರೆ ಲಕ್ಷ ಲೀಟರ್ ದಾಟುತ್ತದೆ. ಸೂರಿಗೆ ದೋಣಿ ಕಟ್ಟಿ, ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಟ್ಟು, ಮರಳು ಜಲ್ಲಿಯ ಮೂಲಕ ಟ್ಯಾಂಕಿಗೆ ಹಾಯಿಸಿ. ಇಲ್ಲಿ ದೊಡ್ಡ ಟ್ಯಾಂಕಿಗೆ ಹಣ ಸುರಿಯುವುದರಲ್ಲಿ ಅರ್ಥವಿಲ್ಲ. ಮಳೆಗಾಲದಲ್ಲಿ ನೀರು ಹೇಗೂ ಇದೆ, ಬೇಕಾಗುವುದು ಮಾರ್ಚ್, ಏಪ್ರಿಲ್‌ನಲ್ಲಿ. ಅಕ್ಟೋಬರ್ ಮಳೆಯಲ್ಲಿ ತುಂಬಿ ಮುಚ್ಚಿಡುವಷ್ಟು ಟ್ಯಾಂಕ್ ಇದ್ದು, ಹೂಮಳೆಯಲ್ಲಿ ಮತ್ತೆ ತುಂಬಿಕೊಂಡರೆ ಸಾಕು. ಉಳಿದ ನೀರು ಚರಂಡಿಯಲ್ಲಿ ತೋಡಿಗೆ. ಕಡಿದಾದ ಇಳಿಜಾರಿನಲ್ಲಿ, ಅದರಲ್ಲೂ ಬರೆಯ ನೆತ್ತಿಯಲ್ಲಿ ಇಂಗುಗುಂಡಿ ತೋಡಲೇಬೇಡಿ. ಕುಶಾಲನಗರದ ಸಮತಟ್ಟು ಜಾಗದವರು ಧಾರಾಳವಾಗಿ ತೋಡಬಹುದು.

ಹಂತ 5: ಒಳಗಿನ ತೇವ

ಬೀರುವಿನಲ್ಲಿಟ್ಟ ಬೆಲ್ಟು, ಚಪ್ಪಲಿಗೆ ಆಗಸ್ಟಿನಲ್ಲಿ ಬೂಷ್ಟು ಹಿಡಿಯದ ಮನೆ ಮಡಿಕೇರಿಯಲ್ಲಿ ಅಪರೂಪ. ಸುಣ್ಣ ಬಳಿದ ಗೋಡೆ ತೇವ ಎಳೆದುಕೊಂಡು ಒಣಹವೆಗೆ ಬಿಟ್ಟುಕೊಡುತ್ತದೆ, ಪ್ಲಾಸ್ಟಿಕ್ ಬಣ್ಣ ಬಳಿದದ್ದು ಬಿಟ್ಟುಕೊಡುವುದಿಲ್ಲ. ಮಾಡಿನ ನೆತ್ತಿಯಲ್ಲಿ ಗಾಳಿ ಹೊರಹೋಗಲು ಜಾಲರಿ ಇರಲಿ. ಒಲೆ ಇರುವ ಮನೆ ಚೆನ್ನಾಗಿ ಒಣಗುತ್ತದೆ, ಆದರೆ ಹೊಗೆ ಅಡುಗೆ ಮಾಡುವವರ ಎದೆಗೆ ಹೋಗಬಾರದು. ಅದೇ ‘ಅಸ್ತ್ರ’ ತಂಡ ಮಾಡಿದ, ಕೊಳವೆಯಲ್ಲಿ ಹೊಗೆ ಹೊರಗೆ ಬಿಡುವ ಒಲೆಗೆ ಸೌದೆಯೂ ಕಡಿಮೆ. ತೋಟದಲ್ಲಿ ಕಪಾತು ಮಾಡಿದ ಕಾಫಿ ಕಟ್ಟಿಗೆ, ಸಿಲ್ವರ್ ಓಕ್ ರೆಂಬೆ ಇದ್ದರೆ ಬೇರೆ ಸೌದೆ ಬೇಡ. ಬೂದಿ ಎಸೆಯಬೇಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಹಂತ 6: ಟಾಯ್ಲೆಟ್‌ಗೆ ಜೋಡಿ ಗುಂಡಿ

ಹಳ್ಳಿ ಮನೆಗೆ ಸೆಪ್ಟಿಕ್ ಟ್ಯಾಂಕಿಗಿಂತ ಜೋಡಿ ಗುಂಡಿ ಅಗ್ಗ. ಹೂಳು ಎತ್ತುವ ಗಾಡಿಗೆ ಫೋನ್ ಮಾಡಿ ಕಾಯುವ ಕೆಲಸವೂ ಇಲ್ಲ. ಐದು ಜನರ ಮನೆಗೆ ಮೂರೂವರೆ ಅಡಿ ಅಗಲ, ನಾಲ್ಕು ಅಡಿ ಆಳದ ಎರಡು ಗುಂಡಿ. ಗುಂಡಿಗಳ ನಡುವೆ ಮೂರು ಅಡಿ ಅಂತರ. ಒಳಗೆ ಸಂದು ಬಿಟ್ಟು ಇಟ್ಟಿಗೆ ಕಟ್ಟಬೇಕು, ತಳಕ್ಕೆ ಸಿಮೆಂಟ್ ಹಾಕಬಾರದು. ಒಂದು ಚಿಕ್ಕ ಚೇಂಬರಿನಿಂದ ಎರಡಕ್ಕೂ ಪೈಪು, ಒಂದರ ಬಾಯಿ ಸದಾ ಮುಚ್ಚಿರಲಿ. ಒಂದು ತುಂಬಲು ಸುಮಾರು ಮೂರು ವರ್ಷ. ಆಮೇಲೆ ಇನ್ನೊಂದಕ್ಕೆ ತಿರುಗಿಸಿ, ತುಂಬಿದ್ದನ್ನು ಮುಚ್ಚಿ ಬಿಡಿ. ಕನಿಷ್ಠ ಒಂದು ವರ್ಷ, ನಮ್ಮ ತೇವಕ್ಕೆ ಎರಡು ವರ್ಷ ಬಿಟ್ಟರೆ ಒಳ್ಳೆಯದು. ತೆಗೆದಾಗ ವಾಸನೆ ಇಲ್ಲದ ಕಪ್ಪು ಮಣ್ಣು ಸಿಗುತ್ತದೆ. ತರಕಾರಿಗೆ ಬೇಡ, ಮರಗಳ ಬುಡಕ್ಕೆ ಹಾಕಿ.

ಕೊಡಗಿನಲ್ಲಿ ಇದು ಕೈಕೊಡುವುದು ಒಂದೇ ಕಾರಣಕ್ಕೆ: ಮಳೆಗಾಲದಲ್ಲಿ ಒರತೆ ಗುಂಡಿಯ ತಳಕ್ಕೇ ಬಂದುಬಿಡುತ್ತದೆ. ಗುಂಡಿಯ ತಳಕ್ಕೂ ಮಳೆಗಾಲದ ನೀರಿನ ಮಟ್ಟಕ್ಕೂ ಆರೇಳು ಅಡಿ ಅಂತರ ಇರಬೇಕು. ಜುಲೈನಲ್ಲಿ ಪಕ್ಕದ ಬಾವಿಯ ನೀರು ಎಷ್ಟು ಕೆಳಗಿದೆ ಅಂತ ನೋಡಿದರೆ ಅಂದಾಜು ಸಿಗುತ್ತದೆ. ಅಷ್ಟು ಅಂತರ ಇಲ್ಲದಿದ್ದರೆ ಗುಂಡಿಯ ಆಳ ಕಡಿಮೆ ಮಾಡಿ, ಅಗಲ ಹೆಚ್ಚಿಸಿ, ಅರ್ಧ ನೆಲದ ಮೇಲೆ ಎಬ್ಬಿಸಿ ಸುತ್ತ ಮಣ್ಣು ಏರಿಸಿ. ಟಾಯ್ಲೆಟ್ ಕೋಣೆಯೂ ಅಷ್ಟೇ ಎತ್ತರಕ್ಕೆ ಹೋಗಬೇಕಾಗುತ್ತದೆ. ಅದೂ ಆಗದ ಜಾಗವಾದರೆ ಮುಚ್ಚಿದ ಸೆಪ್ಟಿಕ್ ಟ್ಯಾಂಕೇ ಗತಿ.

ಬಾವಿಯಿಂದ ಕನಿಷ್ಠ 10 ಮೀಟರ್ ದೂರ, ಯಾವಾಗಲೂ ಬಾವಿಗಿಂತ ಇಳಿಜಾರಿನ ಕೆಳಗೆ. ಪಕ್ಕದ ಮನೆಯವರ ಬಾವಿಯೂ ಬಾವಿಯೇ. ಮಾಡಿನ ನೀರನ್ನು, ಅಂಗಳದ ನೀರನ್ನು ಯಾವ ಕಾರಣಕ್ಕೂ ಈ ಗುಂಡಿಗೆ ಸೇರಿಸಬೇಡಿ. ಲೈನ್ ಮನೆಗಳಿರುವ (ಕಾರ್ಮಿಕರ ಸಾಲುಮನೆ) ತೋಟದವರು ಹತ್ತು ಕುಟುಂಬಕ್ಕೆ ಒಂದು ಗುಂಡಿ ತೋಡಿ ಮುಗಿಸುವುದುಂಟು. ಅದು ಮಳೆಗಾಲದಲ್ಲಿ ಉಕ್ಕಿ ತೋಡಿಗೆ ಸೇರುತ್ತದೆ, ತೋಡು ಕಾವೇರಿಗೆ ಸೇರುತ್ತದೆ. ಮನೆಗೊಂದು ಜೋಡಿ ಗುಂಡಿಯ ಖರ್ಚು ತೋಟದ ಲೆಕ್ಕದಲ್ಲಿ ದೊಡ್ಡದೇನಲ್ಲ.

ಬಚ್ಚಲ ನೀರನ್ನು ಬೇರೆಯೇ ಬಿಡಿ. ಅಡುಗೆಮನೆ ನೀರಿನ ಜಿಡ್ಡು ಹಿಡಿಯಲು ಒಂದು ಚಿಕ್ಕ ತೊಟ್ಟಿ, ಅದರಿಂದ ಮುಂದೆ ಬಾಳೆ, ಕೆಸ. ಬಾಳೆಬುಡದ ಗುಂಡಿಗೆ ತರಗು ತುಂಬಿಟ್ಟರೆ ಸೊಳ್ಳೆ ಆಗುವುದಿಲ್ಲ.

ಹಂತ 7: ಅಡುಗೆಮನೆ ಕಸ

ಹಿಂದೆ ಇದೊಂದು ಸಮಸ್ಯೆಯೇ ಆಗಿರಲಿಲ್ಲ. ಕಲಗಚ್ಚು ದನಕ್ಕೆ, ಉಳಿದದ್ದು ಹಂದಿಗೆ, ಸಗಣಿ ಮತ್ತು ಸೊಪ್ಪು ಗೊಬ್ಬರದ ಗುಂಡಿಗೆ, ಗೊಬ್ಬರ ಗದ್ದೆಗೆ. ಈಗ ಕೊಟ್ಟಿಗೆ ಖಾಲಿ, ಕಸ ಕವರಿನಲ್ಲಿ ಗಂಟು ಕಟ್ಟಿ ರಸ್ತೆ ತಿರುವಿಗೆ.

ಗೊಬ್ಬರದ ಕೆಲಸ ಶುರುವಾಗುವುದು ಫೆಬ್ರವರಿಯಲ್ಲಿ, ತರಗು ಗುಡಿಸುವುದರಿಂದ. ಹಸಿ ಕಸ ಒಂದು ಬಕೆಟ್ ಹಾಕಿದರೆ ಒಣಗಿದ್ದು ಎರಡು ಬಕೆಟ್ ಬೇಕು. ಜುಲೈನಲ್ಲಿ ಒಣ ಎಲೆ ಎಲ್ಲೂ ಸಿಗುವುದಿಲ್ಲ. ಸಿಲ್ವರ್ ಎಲೆ, ಹಾಲುವಾಣದ ಎಲೆ, ಭತ್ತದ ಹುಲ್ಲು, ಕಾಫಿ ಹೊಟ್ಟು, ಸಿಕ್ಕಿದ್ದನ್ನು ಗೊಬ್ಬರದ ಚೀಲಗಳಲ್ಲಿ ಒತ್ತಿ ತುಂಬಿ ಶೆಡ್ಡಿಗೆ ಹಾಕಿ. ಐದು ಜನರ ಮನೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ಚೀಲ ಸಾಕು. ಬೆಂಕಿ ಹಾಕಿ ಸುಡುವ ಬದಲು ಇಷ್ಟು ಮಾಡಿದರೆ ಅರ್ಧ ಕೆಲಸ ಆದಂತೆ.

ಮೂರಡಿ ಉದ್ದ, ಅಗಲ, ಎತ್ತರದ ಎರಡು ತೊಟ್ಟಿ, ಅಕ್ಕಪಕ್ಕ. ಇಟ್ಟಿಗೆಯನ್ನು ಸಂದು ಬಿಟ್ಟು ಕಟ್ಟಿ, ಅಥವಾ ಬಿದಿರಿನ ತಡಿಕೆ ಮಾಡಿ. ನೆಲದಿಂದ ಅರ್ಧ ಅಡಿ ಎತ್ತರಿಸಿ, ಸುತ್ತ ಚರಂಡಿ ತೆಗೆಯಿರಿ. ಮೇಲೆ ಶೀಟು ಬೇಕೇ ಬೇಕು, ಎರಚಲು ಬೀಳದಷ್ಟು ಮುಂದಕ್ಕೆ. ಗುಂಡಿ ತೋಡಿ ಹಾಕುವ ಪದ್ಧತಿ ನಮ್ಮಲ್ಲಿ ಬೇಸಿಗೆಗೆ ಮಾತ್ರ. ಮಳೆಗಾಲದಲ್ಲಿ ಗುಂಡಿಯಲ್ಲಿ ನೀರು ನಿಂತು, ಒಳಗೆ ಗಾಳಿಯಾಡದೆ ಎಲ್ಲ ಕೊಳೆತು ನಾರುತ್ತದೆ.

ತಳಕ್ಕೆ ಕಾಫಿ ಕಡ್ಡಿ ಒಂದು ಪದರ. ಮೇಲೆ ತರಗು, ಹಸಿ ಕಸ, ಮತ್ತೆ ತರಗು. ವಾರಕ್ಕೊಮ್ಮೆ ಒಂದು ಚೊಂಬು ಸಗಣಿ ಬಗ್ಗಡ, ಒಂದು ಹಿಡಿ ಬೂದಿ. ಮೇಲಿನ ಪದರ ಸದಾ ತರಗಿನದೇ ಇರಲಿ, ಹಸಿ ಕಸ ಕಣ್ಣಿಗೆ ಕಾಣಬಾರದು. ಒಂದು ಹಿಡಿ ತೆಗೆದು ಹಿಂಡಿ ನೋಡಿ. ಕೈ ಒದ್ದೆಯಾದರೆ ಸರಿ, ಹನಿ ಉದುರಿದರೆ ತರಗು ಸಾಲದು. ಮಧ್ಯಕ್ಕೆ ಕಬ್ಬಿಣದ ಸರಳು ಚುಚ್ಚಿ ಹತ್ತು ನಿಮಿಷ ಬಿಟ್ಟು ಮುಟ್ಟಿ. ಬಿಸಿ ಇದ್ದರೆ ಕೆಲಸ ನಡೆಯುತ್ತಿದೆ. ಒಂದು ತೊಟ್ಟಿ ತುಂಬಿದ ಮೇಲೆ ಅದನ್ನು ಮಗುಚಿ ಬಿಟ್ಟು, ಇನ್ನೊಂದನ್ನು ಶುರು ಮಾಡಿ. ದಪ್ಪ ಬಿಳಿ ಹುಳು ಕಂಡರೆ ಹೆದರಬೇಡಿ, ಅವು ಬೇಗ ತಿಂದು ಮುಗಿಸುತ್ತವೆ. ಎರೆಹುಳು ಸಾಕುವ ಆಸೆ ಇದ್ದರೆ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ನೋಡಿ. ಆ ತೊಟ್ಟಿಗೆ ಕಿತ್ತಳೆ ಸಿಪ್ಪೆ, ಮೆಣಸಿನಕಾಯಿ ಹಾಕಬೇಡಿ.

ಹಲಸಿನ ಹಣ್ಣಿನ ಕಾಲದಲ್ಲಿ ಮಾತ್ರ ಎಚ್ಚರ. ಹಲಸಿನ ತೊಳೆ ಬಿಡಿಸಿದ ಮೇಲಿನ ರಚ್ಚೆ, ಕೊಳೆತ ಬಾಳೆ, ಇವುಗಳ ವಾಸನೆಗೆ ಆನೆ ಬರುತ್ತದೆ. ಸಿದ್ದಾಪುರ, ಪಾಲಿಬೆಟ್ಟ, ತಿತಿಮತಿ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಗೊಬ್ಬರದ ತೊಟ್ಟಿ ಮಲಗುವ ಕೋಣೆಯ ಗೋಡೆಗೆ ತಾಗಿ ಇರಬಾರದು, ಹಲಸಿನ ರಚ್ಚೆಯನ್ನು ಹಗಲಲ್ಲೇ ಕೊಚ್ಚಿ ತರಗು, ಸಗಣಿ ಬಗ್ಗಡದ ಅಡಿಗೆ ಹಾಕಿ. ಹಂದಿ, ಕೋಳಿ ಮೂಳೆ ಹಾಕಿದರೆ ನಾಯಿ, ಕಾಡುಹಂದಿ ತೊಟ್ಟಿ ಕೆದಕುತ್ತವೆ. ಮೂಳೆಯನ್ನು ಒಲೆಯಲ್ಲಿ ಸುಟ್ಟು ಕುಟ್ಟಿ ಮೆಣಸಿನ ಬಳ್ಳಿಯ ಬುಡಕ್ಕೆ ಹಾಕಿ. ತೊಟ್ಟಿಗೆ ಬರಿಗೈ ಹಾಕಬೇಡಿ, ಬೆಚ್ಚಗಿನ ಜಾಗಕ್ಕೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು.

ಹಂತ 8: ದನ ಇದ್ದರೆ ಗೋಬರ್ ಗ್ಯಾಸ್

ಎರಡು ಘನ ಮೀಟರ್ ಘಟಕಕ್ಕೆ ದಿನಕ್ಕೆ 50 ಕೆ.ಜಿ. ಸಗಣಿ, ಅಷ್ಟೇ ನೀರು. ಮೂರು ಮಿಶ್ರತಳಿ ಹಸು ಇದ್ದರೆ ಸಾಕು, ಐದಾರು ಜನರ ಅಡುಗೆ ಆಗುತ್ತದೆ. ಒಂದು ಹಸು ಇಟ್ಟುಕೊಂಡು ದೊಡ್ಡ ಘಟಕ ಕಟ್ಟಿಸಿದರೆ ಅದು ಬರೀ ಗುಂಡಿ. ಚಳಿಗೆ ಗ್ಯಾಸ್ ಕಡಿಮೆಯಾಗುತ್ತದೆ, ಆದ್ದರಿಂದ ನೆಲದಡಿಯ ಗುಮ್ಮಟದ ಮಾದರಿ ನಮಗೆ ಒಳ್ಳೆಯದು, ಮಣ್ಣು ಬಿಸಿ ಉಳಿಸಿಕೊಳ್ಳುತ್ತದೆ. ಕಲಸುವ ನೀರನ್ನು ಸ್ವಲ್ಪ ಬೆಚ್ಚಗೆ ಮಾಡಿ ಹಾಕಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಸಗಣಿ ಕಲಸುವ ತೊಟ್ಟಿಗೆ ಮಳೆನೀರು ಬಿದ್ದರೆ ಬಗ್ಗಡ ತೆಳುವಾಗಿ ಗ್ಯಾಸ್ ನಿಂತೇ ಹೋಗುತ್ತದೆ, ಅದಕ್ಕೂ ಒಂದು ಶೀಟು ಹಾಕಿ. ಉರಿ ಮಿಣುಕಿದರೆ ಪೈಪಿನ ತಗ್ಗಿನಲ್ಲಿ ನೀರು ನಿಂತಿದೆ ಅಂತ, ಅಲ್ಲಿ ಒಂದು ನಲ್ಲಿ ಇಟ್ಟು ಆಗಾಗ ಬಿಡಿ.

ಹಂತ 9: ಪಲ್ಪರಿನ ಸಿಪ್ಪೆ ಮತ್ತು ನೀರು

ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವುದು) ಮಾಡುವವರ ದೊಡ್ಡ ಕಸ ಇದು. ನೀರು ಹುಳಿ, ತೋಡಿಗೆ ಬಿಟ್ಟರೆ ಅದರ ಆಮ್ಲಜನಕ ತಿಂದು ಮೀನು ಸಾಯುತ್ತದೆ. ಪ್ರತ್ಯೇಕ ಹೊಂಡಕ್ಕೆ ಬಿಟ್ಟು ಸುಣ್ಣ ಹಾಕಿ ಹುಳಿ ಮುರಿಯಬೇಕು. ಸಿಪ್ಪೆಯನ್ನು ಅರ್ಧ ಅಡಿ ಪದರ ಹರಡಿ, ಮೇಲೆ ಸಗಣಿ ಬಗ್ಗಡ, ತರಗು, ಸ್ವಲ್ಪ ಸುಣ್ಣ, ಹೀಗೆ ನಾಲ್ಕು ಅಡಿ ಎತ್ತರದವರೆಗೆ. ಮೂರು ವಾರಕ್ಕೊಮ್ಮೆ ಮಗುಚಿ. ಕೊಯ್ಲಿನ ಕಾಲದಲ್ಲಿ ಹಾಕಿದ್ದು ಮಳೆ ಹಿಡಿಯುವ ಹೊತ್ತಿಗೆ ತೋಟಕ್ಕೆ ಸಿದ್ಧ. ಹಸಿ ಸಿಪ್ಪೆಯನ್ನು ನೇರ ಗಿಡದ ಬುಡಕ್ಕೆ ಸುರಿಯಬೇಡಿ.

ಹಂತ 10: ಗೊಬ್ಬರವಾಗದ ಕಸ

2016ರ ಘನತ್ಯಾಜ್ಯ ನಿಯಮದಿಂದಲೂ ಕಸವನ್ನು ಬಗೆಬಗೆಯಾಗಿ ಬೇರೆ ಮಾಡುವುದು ಮನೆಯವರ ಜವಾಬ್ದಾರಿ. ಮನೆಯಲ್ಲಿ ಹಸಿ, ಒಣ, ಅಪಾಯಕಾರಿ ಅಂತ ಮೂರು ಚೀಲ ನೇತು ಹಾಕಿ. ಹಾಲಿನ ಕವರು, ಎಣ್ಣೆ ಕವರು ತೊಳೆದು ಒಳಗಿನ ಜಗಲಿಯಲ್ಲಿ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸಿ. ಒಲೆಯ ಮೇಲಿನ ಅಟ್ಟಕ್ಕೆ ಬೇಡ. ಒದ್ದೆ ಪ್ಲಾಸ್ಟಿಕ್ ಮೂಟೆ ಕಟ್ಟಿಟ್ಟರೆ ಎರಡು ವಾರದಲ್ಲಿ ನಾತ, ಪಂಚಾಯಿತಿ ಗಾಡಿಯವರೂ ಬೇಡ ಅನ್ನುತ್ತಾರೆ. ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ಒಣಕಸ ಬೇರ್ಪಡಿಸುವವರು ಸ್ವಸಹಾಯ ಸಂಘದ ಹೆಂಗಸರು. ನೀವು ಮಾಡದ ಕೆಲಸವನ್ನು ಅವರು ಕೈಯಲ್ಲಿ ಮಾಡಬೇಕಾಗುತ್ತದೆ. ಪ್ಯಾಡ್, ಡೈಪರನ್ನು ಕಾಗದದಲ್ಲಿ ಸುತ್ತಿ ಗುರುತು ಹಾಕಿ ಬೇರೆ ಕೊಡಿ.

ತೋಟದ ಔಷಧಿ ಡಬ್ಬ, ಬಾಟಲಿಗಳನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಹಾಕಿ, ಡಬ್ಬಕ್ಕೆ ತೂತು ಕೊರೆದು ಇಡಿ. ತೂತು ಕೊರೆಯದಿದ್ದರೆ ಯಾರೋ ಅದರಲ್ಲಿ ಕುಡಿಯುವ ನೀರು ತುಂಬಿಸಿಕೊಳ್ಳುತ್ತಾರೆ.

ಹೋಂಸ್ಟೇ ನಡೆಸುವವರದು ಬೇರೆಯೇ ಲೆಕ್ಕ. ವಾರಾಂತ್ಯ ಕಳೆದರೆ ನೀರಿನ ಬಾಟಲಿಯ ರಾಶಿ. ಕೋಣೆಗೆ ಬಾಟಲಿ ಇಡುವುದನ್ನು ನಿಲ್ಲಿಸಿ, ಕುದಿಸಿ ಆರಿಸಿದ ನೀರನ್ನು ಗಾಜಿನ ಹೂಜಿಯಲ್ಲಿ ಇಟ್ಟರೆ ಕಸ ಅರ್ಧಕ್ಕೆ ಇಳಿಯುತ್ತದೆ. ಬುಕಿಂಗ್ ಖಚಿತಪಡಿಸುವ ಮೆಸೇಜಿನಲ್ಲೇ ‘ತಂದ ಪ್ಲಾಸ್ಟಿಕ್ ವಾಪಸ್ ಕೊಂಡೊಯ್ಯಿರಿ’ ಅಂತ ಸೇರಿಸಿ. ಹೊರಡುವಾಗ ಅವರ ಕಸವನ್ನು ಒಂದು ಚೀಲದಲ್ಲಿ ಕಟ್ಟಿ ಕಾರಿನ ಡಿಕ್ಕಿಯವರೆಗೂ ನೀವೇ ತಂದು ಕೊಡಿ. ಬೇಡ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ.